ಮನೆಯಲ್ಲಿ ಯಾರೂ ಇರಲಿಲ್ಲ

ವರದಿಯ ಮೂರನೆಯ ಪುಟದಲ್ಲಿ ಆ ವಾಕ್ಯವಿತ್ತು: "ಭೇಟಿಯ ಸಮಯದಲ್ಲಿ ವೃದ್ಧೆಯೊಬ್ಬರ ಹೊರತು ಮನೆಯಲ್ಲಿ ಜವಾಬ್ದಾರಿಯುತ ವಯಸ್ಕರು ಯಾರೂ ಇರಲಿಲ್ಲ."

ಚನಿಯ ಅದನ್ನು ಎರಡು ಸಲ ಓದಿದ. ಒಂಬತ್ತನೆಯ ತರಗತಿಯವರೆಗೆ ಕಲಿತವನಿಗೆ ಓದುವುದು ಕಷ್ಟವಾಗಲಿಲ್ಲ. ಓದಿದ್ದನ್ನು ನುಂಗುವುದು ಕಷ್ಟವಾಯಿತು. ಏಕೆಂದರೆ ಆ ದಿನ, ಆ ಹೊತ್ತಿಗೆ, ಅವನು ಮನೆಯಲ್ಲೇ ಇದ್ದ. ಮನೆಯ ಹಿಂದೆ, ಬುಟ್ಟಿ ಹೆಣೆಯಲೆಂದು ಕಾಡಿನಿಂದ ತಂದು ಒಟ್ಟಿದ್ದ ಬಳ್ಳಿಯ ಕಟ್ಟುಗಳ ಮರೆಯಲ್ಲಿ, ಉಸಿರು ಬಿಗಿಹಿಡಿದು ನಿಂತಿದ್ದ.

ವರದಿಯ ಪ್ರತಿಯನ್ನು ಅವನ ಕೈಗಿತ್ತವರು ಜೂಲಿ ಟೀಚರ್. ಕುಲಶೇಖರದ ಶಾಲೆಯಲ್ಲಿ ಅವನ ತಂಗಿಯ ಮಗಳು ಯಶ್ಮಿತಾ ಅವರದೇ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಳು. ಹದಿನೇಳು ದಿನ ಹುಡುಗಿ ಶಾಲೆಗೆ ಬಾರದಿದ್ದಾಗ ಮಕ್ಕಳ ರಕ್ಷಣಾ ಕಚೇರಿಗೆ ತಿಳಿಸಿದವರೂ ಅವರೇ.

"ಇದನ್ನು ನಿಮಗೆ ಕೊಡಬಾರದಂತೆ" ಎಂದರು ಟೀಚರ್. "ಆದರೆ ನಿಮ್ಮ ಮನೆಯ ವಿಷಯ ನೀವು ಓದದೆ ಮತ್ತೆ ಯಾರು ಓದಬೇಕು? ನಾನು ಫೋನ್ ಮಾಡಿದ್ದು ಮಗು ಶಾಲೆಗೆ ಬರಲಿ ಅಂತ, ಚನಿಯಣ್ಣ. ಕೊಂಡುಹೋಗಲಿ ಅಂತ ಅಲ್ಲ."

"ನಿಮ್ಮ ಮೇಲೆ ಸಿಟ್ಟಿಲ್ಲ ಟೀಚರ್. ಗುರುವಾರದ ಒಳಗೆ ಎಂತ ಮಾಡಬಹುದು, ಅದನ್ನು ಹೇಳಿ."

ಗುರುವಾರ ಮಕ್ಕಳ ಕಲ್ಯಾಣ ಸಮಿತಿ ಕೂರುತ್ತದೆ. ಯಶ್ಮಿತಾಳನ್ನು ನಗರದ ಬಾಲಕಿಯರ ಆಶ್ರಯಧಾಮದಲ್ಲಿ ತಾತ್ಕಾಲಿಕವಾಗಿ ಇರಿಸಿ ಇಪ್ಪತ್ತೆರಡು ದಿನಗಳಾಗಿದ್ದವು. ಗುರುವಾರ ಆದೇಶವಾದರೆ ಅವಳನ್ನು ಘಟ್ಟದ ಮೇಲಿನ ಬೇರೊಂದು ಜಿಲ್ಲೆಯ ವಸತಿಸಂಸ್ಥೆಗೆ, ಹದಿನೆಂಟು ತುಂಬುವವರೆಗೆ, ಕಳುಹಿಸಿಬಿಡುತ್ತಾರೆ. ವರದಿ ಶಿಫಾರಸು ಮಾಡಿದ್ದು ಅದನ್ನೇ. ಮಗು ಊಟಕ್ಕೆ ಅಕ್ಕಪಕ್ಕದ ಮನೆಗಳನ್ನು ಅವಲಂಬಿಸಿದೆ ಎಂದು ಅದು ಹೇಳುತ್ತಿತ್ತು. ಮಲಗಲು ನಿಶ್ಚಿತ ಸ್ಥಳವಿಲ್ಲ ಎಂದಿತ್ತು. ಕೊನೆಯಲ್ಲಿ, ಮಗುವನ್ನು ಸಂಸ್ಥೆಗೆ ಒಪ್ಪಿಸಲು ಅಜ್ಜಿಯ ಸಮ್ಮತಿಯಿದೆ, ಕುಟುಂಬಕ್ಕೆ ಮಗು ಬೇಕಾದಂತೆ ತೋರುವುದಿಲ್ಲ ಎಂದು ಮುಗಿದಿತ್ತು. ಒಂದು ಮನೆತನದ ಪ್ರೀತಿಯನ್ನು ಒಂದು ಗಂಟೆಯಲ್ಲಿ ಅಳೆದು, ಸೊನ್ನೆ ಎಂದು ಬರೆದು, ಕೆಳಗೆ ಸಹಿ ಹಾಕಲಾಗಿತ್ತು.

ಮರುದಿನ ಮಂಗಳವಾರ ಅವನು ನಗರಪಾಲಿಕೆಯ ಪೌರಕಾರ್ಮಿಕನ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಆ ಮಕ್ಕಳ ಕಚೇರಿಗೆ ಹೋದ. ಅಧೀಕ್ಷಕ ಹರಿದಾಸರು ಕಡತದಿಂದ ತಲೆಯೆತ್ತಲಿಲ್ಲ.

"ಕಸ ಆ ಕಡೆ ಬಾಗಿಲಿನಲ್ಲಿ ಉಂಟು."

"ಕಸಕ್ಕೆ ಬಂದದ್ದಲ್ಲ ಸಾರ್. ಯಶ್ಮಿತಾಳ ವರದಿಗೆ ಬಂದದ್ದು. ಅದರಲ್ಲಿ ತಪ್ಪುಂಟು."

ಈಗ ಅವರು ತಲೆಯೆತ್ತಿದರು. "ವರದಿಯಲ್ಲಿ ತಪ್ಪು ಹುಡುಕುವಷ್ಟು ದೊಡ್ಡ ಮನುಷ್ಯ ಯಾವಾಗ ಆದೆ ಮಾರಾಯ? ಮಗುವಿಗೆ ನೀನು ಎಂತ ಆಗ್ಬೇಕು?"

"ತಾಯಿಯ ಅಣ್ಣ."

"ತಾಯಿ?"

"ಗುಲಾಬಿ. ಜಾಂಡೀಸ್ ಆಗಿ ತೀರಿಹೋದಳು. ಒಂದು ತಿಂಗಳ ಮೇಲಾಯಿತು."

"ತಂದೆ?"

"ಬಿಟ್ಟುಹೋಗಿ ಆರು ವರ್ಷ."

"ಮತ್ತೆ? ತಾಯಿ ಇಲ್ಲ, ತಂದೆ ಇಲ್ಲ. ಫಾರ್ಮಿನಲ್ಲಿ ಮಾವನಿಗೆ ಕಾಲಂ ಇಲ್ಲ."

ಅರ್ಧ ಊರು ಬಳಿಯನ್ನು, ಎಂದರೆ ತಾಯಿಯಿಂದ ಬರುವ ವಂಶವನ್ನು, ಹಿಡಿದೇ ಕುಲವನ್ನು ಎಣಿಸುವ, ಸೋದರಮಾವನಿಲ್ಲದೆ ಮದುವೆಯ ಮಾತೂ ಸಾವಿನ ಕ್ರಿಯೆಯೂ ಮುಂದೆ ಸಾಗದ ತುಳುನಾಡಿನಲ್ಲಿ ಕುಳಿತು ಒಬ್ಬ ಅಧಿಕಾರಿ ಆಡಿದ ಮಾತಿದು. ಚನಿಯನ ಕೊರಗ ಸಮುದಾಯದಲ್ಲಂತೂ ಮಗು ಹುಟ್ಟುವುದೇ ತಾಯಿಯ ಬಳಿಗೆ. ತಾಯಿ ಸತ್ತರೆ ಅವಳ ಅಕ್ಕತಂಗಿಯರು ತಾಯಂದಿರು, ಅಣ್ಣತಮ್ಮಂದಿರು ಕಾಯುವವರು. ಎಲ್ಲೋ ದೂರದಲ್ಲಿ ಅಚ್ಚಾದ ಒಂದು ಕಾಗದಕ್ಕೆ ಇದು ತಿಳಿಯದಿದ್ದರೆ ಕ್ಷಮಿಸಬಹುದು. ಇಲ್ಲಿನ ನೀರು ಕುಡಿದು ಬೆಳೆದವರಿಗೆ ತಿಳಿಯದಿದ್ದರೆ ಅದನ್ನು ಅಜ್ಞಾನ ಎನ್ನಲಾಗದು, ಅದು ಉದಾಸೀನ.

ಪಕ್ಕದ ಮೇಜಿನಿಂದ ಯುವತಿಯೊಬ್ಬಳು ಎದ್ದು ಬಂದಳು. ಅವಳೇ ಶ್ರೀಲಕ್ಷ್ಮಿ, ವರದಿ ಬರೆದ ಸಮಾಜ ಕಾರ್ಯಕರ್ತೆ. ಬೋಳಾರದ ಅರ್ಚಕರ ಮನೆಯ ಹುಡುಗಿ. ಸಮಾಜಕಾರ್ಯದ ಪದವಿ ಪಡೆದು ಕೆಲಸಕ್ಕೆ ಸೇರಿ ಒಂದು ವರ್ಷ ತುಂಬಿರಲಿಲ್ಲ.

"ನಾನು ಒಂದು ಗಂಟೆ ಕಾದಿದ್ದೇನೆ" ಎಂದಳು. "ಹತ್ತು ಮನೆ ಉಂಟು ನಿಮ್ಮ ಕಾಲನಿಯಲ್ಲಿ. ಅಜ್ಜಿ ಒಬ್ಬರನ್ನು ಬಿಟ್ಟು ಒಂದು ಜನ ಇಲ್ಲ. ಇದ್ದದ್ದನ್ನೇ ಬರೆದದ್ದು."

"ನಾನಿದ್ದೆ ಮೇಡಂ."

"ಎಲ್ಲಿ?"

"ಮನೆಯ ಹಿಂದೆ."

ಹರಿದಾಸರು ನಕ್ಕರು. "ಕೇಳಿದೆಯಾ? ಕಳ್ಳನ ಹಾಗೆ ಹಿಂದೆ ನಿಂತವನ ಕೈಗೆ ಹೆಣ್ಣು ಮಗುವನ್ನು ಕೊಡಬೇಕಂತೆ."

ಚನಿಯನ ಮುಖ ಬಿಸಿಯಾಯಿತು. ಆ ದಿನ ಯಾರೋ 'ಜೀಪು' ಎಂದದ್ದಷ್ಟೇ ಅವನ ಕಿವಿಗೆ ಬಿದ್ದಿತ್ತು. ಆಮೇಲೆ ನಡೆದದ್ದನ್ನು ಅವನ ಬುದ್ಧಿ ಮಾಡಲಿಲ್ಲ, ಕಾಲುಗಳು ಮಾಡಿದವು. ಅವನೊಬ್ಬನ ಕಾಲುಗಳಲ್ಲ; ಹತ್ತೂ ಮನೆಗಳ ಕಾಲುಗಳು. ಗಂಡಸರು ಗುಡ್ಡೆ ಹತ್ತಿದರು, ಹೆಂಗಸರು ತೋಡಿನ ಕಡೆ ಸರಿದರು. ದೊಡ್ಡವರು ಬಂದಾಗ ದೂರ ಸರಿಯುವುದು ಅವನ ಅಜ್ಜನ ಕಾಲದಲ್ಲಿ ಕಟ್ಟಳೆಯಾಗಿತ್ತು. ಸರಿಯದಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಕೊರಗರನ್ನು ಹೀನಾಯವಾಗಿ ದುಡಿಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಸರಕಾರ ಕಾನೂನು ಮಾಡಿ ನಿಷೇಧಿಸಿ ಕಾಲು ಶತಮಾನವಾಯಿತು. ಆದರೆ ಕಾನೂನು ಕಾಗದಕ್ಕೆ ಇಳಿದಷ್ಟು ಬೇಗ ಕಾಲಿಗೆ ಇಳಿಯುವುದಿಲ್ಲ. ಆ ಓಟದ ನಾಚಿಕೆ ಓಡಿದವರಿಗೆ ಸೇರಿದ್ದಲ್ಲ, ಓಡಲು ಕಲಿಸಿದವರಿಗೆ ಸೇರಿದ್ದು.

"ಮೇಡಂ ಇನ್ನೊಮ್ಮೆ ಬಂದು ನೋಡಬೇಕು" ಎಂದಷ್ಟೇ ಹೇಳಿದ ಚನಿಯ.

"ವರದಿ ಮೇಲೆ ಹೋಗಿ ಆಯಿತು" ಎಂದರು ಹರಿದಾಸರು. "ಇನ್ನು ಎಂತ ಇದ್ದರೂ ಬರವಣಿಗೆಯಲ್ಲಿ."

"ಕಾಗದ ಕೊಡಿ ಸಾರ್."

ಕುಳಿತುಕೊಳ್ಳಲು ಯಾರೂ ಹೇಳಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು, ನಿಂತೇ, ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರಗಳಲ್ಲಿ ಅವನು ಮರುತನಿಖೆಯ ಅರ್ಜಿಯನ್ನು ಎರಡು ಪ್ರತಿ ಬರೆದ. 'ಆ ದಿನ ನಾನು ಮನೆಯಲ್ಲಿದ್ದೆ, ಹೆದರಿ ಹಿಂದೆ ನಿಂತಿದ್ದೆ' ಎಂಬುದನ್ನೂ ಬರೆದ. ಆ ಸಾಲನ್ನು ಬರೆಯುವಾಗ ಪೆನ್ನು ಕಾಗದವನ್ನು ತೂತು ಮಾಡಿತು.

"ಇಟ್ಟು ಹೋಗು" ಎಂದರು ಹರಿದಾಸರು.

"ಸೀಲು ಹಾಕಿ ಒಂದು ಪ್ರತಿ ಬೇಕು ಸಾರ್."

"ಸೀಲು ಹಾಕುವವರು ರಜೆ."

"ಕಾಯ್ತೇನೆ."

"ರಜೆ ಅಂದೆನಲ್ಲ. ನಾಳೆಯವರೆಗೆ ಕಾಯ್ತೀಯಾ?"

"ನಿಲ್ಲಿಕ್ಕೆ ನನಗೆ ಅಭ್ಯಾಸ ಉಂಟು ಸಾರ್."

ಹನ್ನೆರಡು ಗಂಟೆಗೆ ಗೋಡೆಗೆ ಒರಗದೆ ನಿಂತವನು ನಾಲ್ಕು ಗಂಟೆಗೂ ಅಲ್ಲೇ ನಿಂತಿದ್ದ. ಊಟಕ್ಕೆ ಹೋದವರು ತಿರುಗಿ ಬಂದರು, ಚಹಾ ಬಂತು, ಲೋಟಗಳು ಖಾಲಿಯಾದವು. ಕೊನೆಗೆ ಶ್ರೀಲಕ್ಷ್ಮಿ ಕಪಾಟು ತೆರೆದು ಮೊಹರು ತೆಗೆದು, ಹರಿದಾಸರ ಮುಖ ನೋಡದೆ, ಅರ್ಜಿಯ ಎರಡೂ ಪ್ರತಿಗಳ ಮೇಲೆ ಒತ್ತಿದಳು.

"ನಾಳೆ ಬರ್ತೇನೆ" ಎಂದಳು.

"ಜೀಪಿನಲ್ಲಿ ಬೇಡ ಮೇಡಂ, ಬಸ್ಸಿನಲ್ಲಿ ಬನ್ನಿ. ಸಂಜೆ ಆರಕ್ಕೆ. ಅಕ್ಕ ಪಣಂಬೂರಿನಿಂದ ಕೆಲಸ ಬಿಟ್ಟು ಬರುವುದು ಆಗಲೇ. ಮತ್ತೆ..." ಅವನು ತಡೆದು ಹೇಳಿದ, "ಫಾರ್ಮ್ ಚೀಲದ ಒಳಗೆ ಇರಲಿ. ಮೊದಲು ನೋಡಿ, ಆಮೇಲೆ ಬರೆಯಿರಿ."

ಕಚೇರಿಯನ್ನು ಗೆದ್ದದ್ದು ಸುಲಭ, ಇನ್ನು ಕಾಲನಿಯನ್ನು ಗೆಲ್ಲಬೇಕಾಗಿತ್ತು. ಬುಧವಾರ ಮಧ್ಯಾಹ್ನ ಅವನು ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದ: ಇವತ್ತು ಯಾರೂ ಓಡಿಹೋಗಬಾರದು.

"ಪೊಲೀಸರನ್ನು ಕರ್ಕೊಂಡು ಬಂದರೆ?" ಎಂದು ಕೇಳಿದ ಪಕ್ಕದ ಮನೆಯ ಐತಣ್ಣ.

"ಬಂದರೆ ಅವರಿಗೂ ಚಾಪೆ ಹಾಕುವ."

"ನಿನಗೆ ತಮಾಷೆ."

"ತಮಾಷೆ ಅಲ್ಲ ಐತಣ್ಣ. ಆವತ್ತು ನಾವು ಓಡಿದೆವು, ಮಗು ಹೋಯಿತು. ಇವತ್ತೂ ಓಡಿದರೆ ತಿರುಗಿ ಬರ್ಲಿಕ್ಕಿಲ್ಲ."

ಅವನ ತಾಯಿ ತುಕ್ರು ಬುಟ್ಟಿಯ ಅಂಚು ಕಟ್ಟುತ್ತ ಕುಳಿತಿದ್ದಳು. ಮಗನ ಕಡೆ ನೋಡದೆ ಹೇಳಿದಳು: "ಆಫೀಸರರನ್ನು ಕಂಡರೆ ಕಾಲು ನಡುಗ್ತದೆ ಮಗಾ."

"ನಡುಗಲಿ ಅಪ್ಪೆ. ನಡುಗುವ ಕಾಲಿಟ್ಟುಕೊಂಡೇ ಕೂತ್ಕೋ. ಓಡುವುದೊಂದು ಬೇಡ."

ಆರು ಗಂಟೆಗೆ ಶ್ರೀಲಕ್ಷ್ಮಿ ಕುಲಶೇಖರದ ನಿಲ್ದಾಣದಲ್ಲಿ ಬಸ್ಸಿಳಿದು, ಗುಡ್ಡೆಯ ದಾರಿಯಲ್ಲಿ ನಡೆದು ಬಂದಳು. ಯಾರೂ ಓಡಲಿಲ್ಲ. ಆದರೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಎದ್ದು ನಿಂತರು; ಅವಳು ಕೂತ ಮೇಲೂ ನಿಂತೇ ಇದ್ದರು. ಅವರನ್ನು ಕೂರಿಸಲು ಚನಿಯ ಒಬ್ಬೊಬ್ಬರ ಹೆಗಲು ಒತ್ತಬೇಕಾಯಿತು.

ಆ ಬಿಗುವನ್ನು ಸಡಿಲಿಸಲೆಂದೋ ಏನೋ ಶ್ರೀಲಕ್ಷ್ಮಿ, "ಕುಡೀಲಿಕ್ಕೆ ಸ್ವಲ್ಪ ನೀರು ಕೊಡ್ತೀರಾ?" ಎಂದಳು. ತುಕ್ರುವಿನ ಕೈಯ ಬಳ್ಳಿ ಜಾರಿತು. ಬೋಳಾರದ ಅರ್ಚಕರ ಮಗಳು ತಮ್ಮ ಮನೆಯ ನೀರು ಕೇಳುತ್ತಿದ್ದಾಳೆ. ಕೊಟ್ಟರೆ ತಪ್ಪೋ, ಕೊಡದಿದ್ದರೆ ತಪ್ಪೋ ಎಂದು ಮುದುಕಿ ಮಗಳ ಮುಖ ನೋಡಿದಳು.

ಮಗಳು ವಾರಿಜಾಕ್ಷಿ ಚನಿಯನ ಅಕ್ಕ. ಪಣಂಬೂರಿನ ಒಂದು ಕಂಪೆನಿಯ ಕ್ಯಾಂಟೀನಿನಲ್ಲಿ ಇಡೀ ದಿನ ಪಾತ್ರೆ ತೊಳೆದು ಆಗ ತಾನೇ ಬಂದವಳು. "ನೀರು ಕೊಡ್ತೇನೆ, ಬಾಯಾರಿಕೆ ಆಗಿದ್ದರೆ" ಎಂದಳು. "ನಮ್ಮ ಮನೆಯಲ್ಲಿ ಕುಡಿದೆ ಅಂತ ವರದಿಯಲ್ಲಿ ಬರೀಲಿಕ್ಕೆ ಆದರೆ ಬೇಡ ಮೇಡಂ. ನಮಗೆ ಬೇಕಾದದ್ದು ಅದಲ್ಲ."

ಶ್ರೀಲಕ್ಷ್ಮಿ ಕೆಂಪಾದಳು. "ಬಾಯಾರಿಕೆಯೂ ಆಗಿದೆ. ಗುಡ್ಡೆ ಹತ್ತಿ ಬಂದದ್ದಲ್ಲವಾ" ಎಂದಳು. ಐತಣ್ಣ ಮೊದಲು ನಕ್ಕ. ಆಮೇಲೆ ನೀರು ಬಂತು. ಅವಳು ಕುಡಿದದ್ದನ್ನು ಯಾರೂ ದೊಡ್ಡ ವಿಷಯ ಮಾಡಲಿಲ್ಲ; ಮಾಡಬೇಕಾಗಿಯೂ ಇರಲಿಲ್ಲ. ಮನುಷ್ಯರ ಮನೆಯಲ್ಲಿ ನೀರು ಕುಡಿದದ್ದಕ್ಕೆ ಪುಣ್ಯ ಬರುವುದಿಲ್ಲ.

ಅನಂತರ ಚನಿಯ ಅವಳನ್ನು ಕರೆದುಕೊಂಡು ಹೊರಟ. ಯಶ್ಮಿತಾಳ ಸಮವಸ್ತ್ರವೂ ಹಾಸಿಗೆಯೂ ವಾರಿಜಾಕ್ಷಿಯ ಮನೆಯಲ್ಲಿದ್ದವು. ಪುಸ್ತಕಗಳು ಎರಡು ಮನೆಯಾಚೆ ಚಿಕ್ಕಮ್ಮನೊಬ್ಬಳ ಮನೆಯಲ್ಲಿದ್ದವು. ಆ ಮನೆಯ ಹುಡುಗಿ ಅನುಷ್ಕಾ ಕಾಲೇಜಿಗೆ ಹೋಗುತ್ತಾಳೆ, ಲೆಕ್ಕ ಹೇಳಿಕೊಡುತ್ತಾಳೆ. ಮಧ್ಯಾಹ್ನದ ಗಂಜಿ ಅಜ್ಜಿಯ ಮನೆಯಲ್ಲಿ. ಗುಡುಗು ಬಂದ ದಿನ ಮಲಗುವುದೂ ಅಜ್ಜಿಯ ಮಗ್ಗುಲಲ್ಲಿ, ಗುಡುಗಿಗೆ ಅವಳಿಗೆ ಹೆದರಿಕೆ. ಮೂರೂ ಮನೆಗಳ ಗೋಡೆಯಲ್ಲಿ ಅವಳ ಎತ್ತರದ ಗೀಟುಗಳಿದ್ದವು.

"ಹಾಗಾದರೆ ಅವಳ ಮನೆ ಯಾವುದು?" ಎಂದು ಶ್ರೀಲಕ್ಷ್ಮಿ ಕೇಳಿದಳು. ಕೇಳಿದ ದನಿಯಲ್ಲಿ ವಾದವಿರಲಿಲ್ಲ; ನಿಜವಾಗಿಯೂ ತಿಳಿದಿರಲಿಲ್ಲ.

ವಾರಿಜಾಕ್ಷಿ ತಿರುಗಿ ಕೇಳಿದಳು: "ನೀವು ಅಡುಗೆಕೋಣೆಯಲ್ಲಿ ಊಟ ಮಾಡ್ತೀರಿ, ಚಾವಡಿಯಲ್ಲಿ ಓದ್ತೀರಿ, ಮಾಳಿಗೆಯಲ್ಲಿ ಮಲಗ್ತೀರಿ. ನಿಮಗೆ ಮೂರು ಮನೆ ಉಂಟು ಅಂತ ಯಾರಾದರೂ ಬರೀತಾರಾ? ನಮ್ಮ ಕೋಣೆಗಳ ನಡುವೆ ಅಂಗಳ ಉಂಟು. ಅಷ್ಟೇ ಮೇಡಂ."

"ಶಾಲೆ ಬಿಟ್ಟದ್ದು?"

"ಬಿಡಲಿಲ್ಲ. ತಾಯಿಯ ಉತ್ತರಕ್ರಿಯೆ, ಬೊಜ್ಜ, ಆಗುವ ತನಕ ಮಗಳು ಮನೆ ಬಿಟ್ಟು ಹೊರಡಬಾರದು, ನಮ್ಮಲ್ಲಿ ಹಾಗೆ. ಅದು ಮುಗಿದ ದಿನವೇ ಚೀಲ ತುಂಬಿಸಿ ಇಟ್ಟಿದ್ದಳು. ಮರುದಿನ ಶಾಲೆಗೆ ಹೋಗುವ ಮೊದಲೇ ನಿಮ್ಮವರು ಬಂದು ಕರ್ಕೊಂಡು ಹೋದರು."

ಶ್ರೀಲಕ್ಷ್ಮಿ ಅಜ್ಜಿಯ ಎದುರು ಬಂದು ಕುಳಿತಳು. "ಅಜ್ಜಿ, ಆವತ್ತು ನಾನು ಮಗುವನ್ನು ಕಳಿಸಬಹುದಾ ಅಂತ ಕೇಳಿದೆ. ನೀವು ಆಗಬಹುದು ಅಂತ ಹೇಳಿದಿರಿ."

"ಹೌದು."

"ಯಾಕೆ ಅಜ್ಜಿ?"

ತುಕ್ರು ಆ ಪ್ರಶ್ನೆ ಅರ್ಥವಾಗದವಳಂತೆ ಅವಳನ್ನು ನೋಡಿದಳು. "ನೀವು ಕೇಳಿದ್ದಲ್ಲವಾ? ನಿಮಗೆ ಇಲ್ಲ ಅಂತ ಹೇಳ್ಲಿಕ್ಕೆ ಉಂಟಾ?"

ಚೀಲದಿಂದ ಹೊರಬರಬೇಕಾಗಿದ್ದ ಫಾರ್ಮು ಹೊರಬರಲಿಲ್ಲ. ಬಿಳಿಯ ಹಾಳೆಯ ಮೇಲೆ, ಬಲ್ಬಿನ ಕೆಳಗೆ, ಅವಳು ಎಂಟು ಗಂಟೆಯವರೆಗೆ ಬರೆದಳು. ಯಾರು ಯಾರಿಗೆ ಏನಾಗಬೇಕೆಂದು ಅನುಷ್ಕಾ ಪಕ್ಕದಲ್ಲಿ ಕುಳಿತು ವಂಶದ ಚಿತ್ರ ಬಿಡಿಸಿಕೊಟ್ಟಳು. ಹತ್ತರಲ್ಲಿ ಎಂಟು ಮನೆಗಳು ಒಂದೇ ಬಳಿಯವು ಎಂದು ಆಗ ಕಂಡಿತು. ವರದಿಯ 'ಅಕ್ಕಪಕ್ಕದ ಮನೆಗಳು' ಇವೇ.

ಹೊರಡುವಾಗ ಅವಳು ಚನಿಯನಿಗೆ ಹೇಳಿದಳು: "ಇದನ್ನು ಪೂರಕ ವರದಿ ಅಂತ ಕೊಡ್ತೇನೆ. ಹಳೆಯದರ ಜೊತೆ ಇದೂ ಇರ್ತದೆ."

"ಹಳೆಯದು ಸರಿ ಅಂತಲೇ ಇರ್ತದಾ?"

"ಅದು ತಪ್ಪು ಅಂತ ಬರೆದರೆ ನನ್ನ ಕೆಲಸ ನನಗೇ ಗೊತ್ತಿಲ್ಲ ಅಂತ ಆಗ್ತದೆ. ನಾನಿನ್ನೂ ಪ್ರೊಬೇಶನ್ನಿನಲ್ಲಿ ಇರುವವಳು."

"ನಾನು ಹೆದರಿ ಅಡಗಿದ್ದೆ ಅಂತ ನಾನೇ ಬರೆದುಕೊಟ್ಟೆ ಮೇಡಂ, ನಿಮ್ಮ ಕಚೇರಿಯ ಸೀಲು ಹಾಕಿಸಿ" ಎಂದ ಚನಿಯ. ಕೊನೆಯ ಬಸ್ಸಿನವರೆಗೆ ಟಾರ್ಚು ಹಿಡಿದು ದಾರಿ ತೋರಿಸಿದ.

ಗುರುವಾರ ಸಮಿತಿಯ ಅಧ್ಯಕ್ಷತೆ ವಹಿಸಿದವರು ನಿವೃತ್ತ ವಕೀಲ ರುಡೊಲ್ಫ್. ಎರಡೂ ವರದಿಗಳನ್ನು ಅವರು ಅವಸರವಿಲ್ಲದೆ ಓದಿದರು. ಹರಿದಾಸರು ಎದ್ದು, ಎರಡನೆಯ ಭೇಟಿಗೆ ತಮ್ಮ ಅನುಮತಿಯಿರಲಿಲ್ಲ, ಮೊದಲೇ ತಿಳಿಸಿ ಹೋದರೆ ಯಾವ ಮನೆಯೂ ಚೊಕ್ಕಟವಾಗಿಯೇ ಕಾಣುತ್ತದೆ ಎಂದರು. ಅದನ್ನೂ ರುಡೊಲ್ಫರು ತಾಳ್ಮೆಯಿಂದ ಕೇಳಿದರು. ಆಮೇಲೆ ಚನಿಯನನ್ನು ಎದುರಿಗೆ ಕರೆದರು.

"ನಿಮ್ಮ ಅರ್ಜಿ ಓದಿದೆ. ನೀವು ಅಡಗಿದ್ದು ಯಾಕೆ ಅಂತ ನನಗೆ ಸ್ವಲ್ಪ ಗೊತ್ತುಂಟು. ಆದರೆ ನನ್ನ ಪ್ರಶ್ನೆ ಬೇರೆ. ನಾಳೆ ಮಗುವಿಗೆ ಆಸ್ಪತ್ರೆಯಲ್ಲಿ ಯಾರೋ ಗದರಿಸ್ತಾರೆ, ಶಾಲೆಯಲ್ಲಿ ಯಾರೋ ಜಾತಿ ಹಿಡಿದು ಮಾತಾಡ್ತಾರೆ. ಆಗ ಮುಂದೆ ನಿಲ್ಲುವವರು ಬೇಕಲ್ಲ. ಆಗಲೂ ನೀವು ಹಿಂದೆ ಹೋದರೆ?"

ನ್ಯಾಯವಾದ ಪ್ರಶ್ನೆ. ಇಷ್ಟು ದಿನಗಳಲ್ಲಿ ಅವನನ್ನು ಯಾರಾದರೂ ಕೇಳಿದ ಮೊದಲ ನ್ಯಾಯವಾದ ಪ್ರಶ್ನೆ. ಹಿಂದೆ ಹೋಗುವುದಿಲ್ಲ ಎಂದು ಆಣೆ ಹಾಕಿಬಿಡುವುದು ಸುಲಭವಿತ್ತು.

"ಕಾಲು ಹಿಂದೆ ಹೋಗಬಹುದು ಸಾರ್" ಎಂದ ಚನಿಯ. "ಸುಳ್ಳು ಹೇಳುವುದಿಲ್ಲ. ಆದರೆ ಮೊನ್ನೆ ಕಚೇರಿಗೆ ನನ್ನನ್ನು ಯಾರೂ ಎಳ್ಕೊಂಡು ಬರಲಿಲ್ಲ, ನಾನೇ ಬಂದೆ. ನಾಲ್ಕು ಗಂಟೆ ನಿಂತೆ. ನಿನ್ನೆ ಹತ್ತು ಮನೆಯವರನ್ನು ಓಡದ ಹಾಗೆ ಕೂರಿಸಿದೆ. ಈಗ ನಿಮ್ಮ ಎದುರು ಇದ್ದೇನೆ. ಈ ಮಗುವಿಗೆ ಬೇಕಾಗಿ ಅಲ್ಲದಿದ್ದರೆ ನಾನು ಇಷ್ಟು ಮುಂದೆ ಬರುವವನೇ ಅಲ್ಲ."

ರುಡೊಲ್ಫರು ಶ್ರೀಲಕ್ಷ್ಮಿಯ ಕಡೆ ತಿರುಗಿದರು. "ಒಂದೇ ಕೈಯ ಎರಡು ವರದಿ. ಯಾವುದನ್ನು ನಂಬಬೇಕು?"

ಶ್ರೀಲಕ್ಷ್ಮಿ ಎದ್ದು ನಿಂತಳು. ಹರಿದಾಸರ ದೃಷ್ಟಿ ಅವಳ ಮೇಲೆಯೇ ಇತ್ತು. "ಎರಡನೆಯದನ್ನು ಸರ್. ಮೊದಲನೆಯದು ತಪ್ಪು. ಕಂಡದ್ದನ್ನು ಬರೆದೆ, ಅದು ಹಾಗೆ ಯಾಕೆ ಕಂಡಿತು ಅಂತ ಕೇಳಲಿಲ್ಲ."

"ಲಿಖಿತವಾಗಿ ಕೊಡ್ತೀರಾ?"

"ಕೊಡ್ತೇನೆ."

ಸಮಿತಿಯ ಸದಸ್ಯರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಮಗುವನ್ನು ದೊಡ್ಡಮ್ಮ ವಾರಿಜಾಕ್ಷಿ ಮತ್ತು ಸೋದರಮಾವ ಚನಿಯನ ಪಾಲನೆಗೆ ಒಪ್ಪಿಸುವುದು, ತಿಂಗಳಿಗೊಮ್ಮೆ ಭೇಟಿ, ಭೇಟಿ ಎಲ್ಲರೂ ಮನೆಗೆ ಬಂದ ಮೇಲೆ ಸಂಜೆಯ ಹೊತ್ತಿಗೆ, ಎಂದು ಆದೇಶವಾಯಿತು. ಕಾಗದಪತ್ರ ಮುಗಿದು ಸೋಮವಾರ ಮಗುವನ್ನು ಕರೆದೊಯ್ಯಬಹುದು ಎಂದರು ರುಡೊಲ್ಫ್.

ಚನಿಯ ಕೈಮುಗಿದ. ಆದರೆ ಕದಲಲಿಲ್ಲ.

"ಇನ್ನೆಂತ?"

"ಹಳೆಯ ಕಾಗದದಲ್ಲಿ, ಕುಟುಂಬಕ್ಕೆ ಮಗು ಬೇಡ ಅಂತ ಉಂಟು ಸಾರ್. ದೊಡ್ಡವಳಾದ ಮೇಲೆ ಒಂದು ದಿನ ಅವಳು ಓದ್ತಾಳೆ. ಓದುವವಳೇ ಅವಳು."

"ಕಡತದಿಂದ ಹಾಳೆ ಹರಿಯಲಿಕ್ಕೆ ನನಗೆ ಅಧಿಕಾರ ಇಲ್ಲ. ಅಜ್ಜಿ ಬಂದಿದ್ದಾರಾ? ಕರೆಯಿರಿ. ಅವರು ಹೇಳಿದ್ದನ್ನು ಆದೇಶದ ಒಳಗೇ ಸೇರಿಸ್ತೇನೆ."

ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತಿದ್ದ ತುಕ್ರು ಸೆರಗನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಒಳಗೆ ಬಂದಳು. ಕಾಲು ನಡುಗುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ರುಡೊಲ್ಫರು ತುಳುವಿನಲ್ಲಿಯೇ ಕೇಳಿದರು: ಮಗುವಿನ ವಿಷಯದಲ್ಲಿ ನಿಮ್ಮ ಮನಸ್ಸಿನಲ್ಲಿ ಎಂತ ಉಂಟು?

ಮುದುಕಿ ನೆಲ ನೋಡಿದಳು. ಟೈಪು ಮಾಡುವವನ ಬೆರಳುಗಳು ಕಾದು ನಿಂತವು.

"ಕೋಳಿಗೂಡು ಮುಚ್ಚುವವರಿಲ್ಲ" ಎಂದಳು. "ಗಂಜಿ ಬಡಿಸಿದರೆ ನನಗೆ ಇಳಿಯುವುದಿಲ್ಲ. ಮಗಳು ಹೋದಳು, ಅದಕ್ಕೆ ಯಾರೂ ಎಂತ ಮಾಡ್ಲಿಕ್ಕಿಲ್ಲ. ಮಗಳ ಮಗಳು ನನಗೆ ಬೇಕು." ಮತ್ತೆ ತಲೆಯೆತ್ತಿ, ರುಡೊಲ್ಫರ ಮುಖವನ್ನೇ ನೋಡಿ, "ಸೋಮವಾರ ಬೇಡ. ಇವತ್ತೇ ಬೇಕು" ಎಂದಳು.

ರುಡೊಲ್ಫರು ಗೋಡೆಯ ಗಡಿಯಾರ ನೋಡಿದರು, ಟೈಪು ಮಾಡುವವನನ್ನು ನೋಡಿದರು. "ಹೇಳಿದ ಹಾಗೇ ಬರೆಯಿರಿ. ಕೋಳಿಗೂಡು ಸಹ. ಸೋಮವಾರ ಅಂತ ಇದ್ದದ್ದನ್ನು ತೆಗೆಯಿರಿ. ಈಗಲೇ ಸಹಿ ಮಾಡ್ತೇನೆ."

ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಆಶ್ರಯಧಾಮದ ಕಬ್ಬಿಣದ ಗೇಟಿನ ಒಳಗಿಂದ ಯಶ್ಮಿತಾ ಬಂದಳು. ಬಂದವಳು ಅಜ್ಜಿಯ ಸೊಂಟಕ್ಕೆ ಮುಖ ಒತ್ತಿ ನಿಂತಳು. ವಾರಿಜಾಕ್ಷಿ ಅವಳ ತಲೆ ಸವರಿ ಥಟ್ಟನೆ ಕೈ ತೆಗೆದಳು. ಸೊಂಟದವರೆಗೆ ಇಳಿಯುತ್ತಿದ್ದ ಜಡೆಯನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರು.

"ಯಾರನ್ನು ಕೇಳಿ ಕೂದಲು ಕತ್ತರಿಸಿದ್ದು?" ಎಂದು ವಾರಿಜಾಕ್ಷಿ ಮೇಲ್ವಿಚಾರಕಿಯನ್ನು ಕೇಳಿದಳು.

"ಇಲ್ಲಿ ಎಲ್ಲರಿಗೂ ಕತ್ತರಿಸ್ತೇವೆ. ಹೇನು ಆಗ್ತದೆ."

"ಇವಳಿಗೆ ಆಗಿತ್ತಾ?"

ಮೇಲ್ವಿಚಾರಕಿ ಗೇಟು ಎಳೆದುಕೊಂಡು ಒಳಗೆ ಹೋದಳು. ವಾರಿಜಾಕ್ಷಿ ತಮ್ಮನ ಕಡೆ ತಿರುಗಿದಳು. "ಇದಕ್ಕೂ ಒಂದು ಅರ್ಜಿ ಬರೆ. ಒಳಗೆ ಇನ್ನೂ ನಲವತ್ತು ಮಕ್ಕಳು ಉಂಟಂತೆ."

"ಬರೀತೇನೆ ಅಕ್ಕ" ಎಂದ ಚನಿಯ. "ನಾಳೆ ಪಾಳಿ ಮುಗಿಸಿ ಬರೀತೇನೆ. ಈಗ ಬಸ್ಸು ಹಿಡಿಯುವ."